ಅರ್ಧ ಸೂತಿನ ಸಂದು, ಅಜ್ಜನ ಮನೆಯ ಜಂತಿ

ಕಲಬುರಗಿಯ ಓದುಗರೊಬ್ಬರ ಪ್ರಶ್ನೆ: ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು, ವಯಸ್ಸು 47. ಹುಮನಾಬಾದ್ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಅಜ್ಜನ ಮಾಳಿಗೆ ಮನೆಯನ್ನು ಎರಡು ವರ್ಷದ ಹಿಂದೆ ಕೆಡವಿದಾಗ ಸಾಗವಾನಿಯ 11 ಜಂತಿಗಳು ನನ್ನ ಪಾಲಿಗೆ ಬಂದವು. ಮಗಳಿಗೆ ಓದುವ ಮೇಜು ಮತ್ತು ಒಂದು ಪುಸ್ತಕದ ಕಪಾಟನ್ನು ನಾನೇ ಮಾಡಬೇಕೆಂದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೆಲಸ ಶುರು ಮಾಡಿದೆ. 600 ರೂಪಾಯಿಗೆ ಆರು ಉಳಿಗಳ ಸೆಟ್ ತಂದೆ. ಇಲ್ಲಿಯವರೆಗೆ ಆಗಿರುವುದು ಪ್ಲೈವುಡ್ ಚೂರುಗಳಿಂದ ಮಾಡಿದ ಮೂರು ಡ್ರಾಯರ್ ಮಾತ್ರ. ಮೂರರ ಮೂಲೆಗಳಲ್ಲೂ ಅರ್ಧ ಸೂತಿನಷ್ಟು, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್, ಸಂದು. ಕೊನೆಯದು ಚಾನೆಲ್ (ಡ್ರಾಯರ್ ಜಾರುವ ಲೋಹದ ಪಟ್ಟಿ) ಮೇಲೆ ಓಡುವುದೇ ಇಲ್ಲ. ಕಂಡರೆ ಸಮಾಧಾನವಿಲ್ಲ, ಬಿಚ್ಚಿ ಮತ್ತೆ ಮಾಡುತ್ತೇನೆ. ಜಂತಿಗಳಿಗೆ ಗರಗಸ ಹಚ್ಚಲು ಧೈರ್ಯವಿಲ್ಲ. ಕೆಟ್ಟರೆ ಅಂಥ ಕಟ್ಟಿಗೆ ಮತ್ತೆ ಸಿಗದು. ಕಿತ್ತ ಮೊಳೆಗಳನ್ನೂ ಡಬ್ಬಿಯಲ್ಲಿ ಕೂಡಿಟ್ಟಿದ್ದೇನೆ. ಈ ಹೊತ್ತಿಗೆ ಅಂಗಡಿಯಿಂದ ಎರಡು ಮೇಜು ತರಬಹುದಿತ್ತು ಎಂದು ಹೆಂಡತಿ ಹೇಳುತ್ತಾಳೆ. ಮಗಳು ಈಗ ಹತ್ತನೇ ತರಗತಿ. ಸಂದಿಗೆ ಫೆವಿಕಾಲಿನಲ್ಲಿ ಕಟ್ಟಿಗೆ ಪುಡಿ ಕಲಸಿ ತುಂಬಿದರೆ ನಡೆಯುತ್ತದೆಯೇ? ಆಂಗಲ್ ಗ್ರೈಂಡರಿಗೆ ಕಟ್ಟಿಗೆ ಕೊಯ್ಯುವ ಬ್ಲೇಡ್ ಹಾಕಿ ಮೇಜಿನ ಗರಗಸ ಮಾಡಿಕೊಳ್ಳಬಹುದು ಎಂದು ಗೆಳೆಯರು ಹೇಳುತ್ತಾರೆ, ಅದು ಸರಿಯೇ? ನಾನು ಜಿಪುಣನೋ, ಅಚ್ಚುಕಟ್ಟಿನ ಹುಚ್ಚನೋ ನೀವೇ ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನನ್ನ ಕಣ್ಣಿಗೆ ಬಿದ್ದದ್ದು ಉಳಿ, ಸಂದು, ಜಂತಿ. ಎರಡನೇ ಸಲ ಓದುವಾಗ ‘ಮಗಳು ಈಗ ಹತ್ತನೇ ತರಗತಿ’ ಎನ್ನುವ ಸಾಲಿನಲ್ಲಿ ನಿಂತೆ. ಅಂದರೆ ನೀವು ಕೆಲಸ ಶುರು ಮಾಡಿದಾಗ ಆಕೆ ಎಂಟನೆಯ ತರಗತಿಯಲ್ಲಿದ್ದಳು. ಲೆಕ್ಕಪತ್ರ ನೋಡುವವರು ನೀವು, ಈ ಎರಡು ವರ್ಷ ನಿಮ್ಮ ಖರ್ಚಿನ ಪುಸ್ತಕದ ಯಾವ ಕಾಲಂನಲ್ಲೂ ಬಂದಂತಿಲ್ಲ.

ಐಟಿಐಯಲ್ಲಿ ಹುಡುಗರಿಗೆ ಬಡಿಗತನ ಕಲಿಸುತ್ತ 31 ವರ್ಷ ಕಳೆದವನು ನಾನು. ಜಿಪುಣನೋ ಹುಚ್ಚನೋ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಅವು ಎರಡು ಬೇರೆ ರೋಗಗಳಲ್ಲ. ಅರ್ಧ ಸೂತಿನ ಸಂದನ್ನು ಸಹಿಸದವನು ಮತ್ತು ಜಂತಿಯನ್ನು ಕೊಯ್ಯಲಾರದವನು ಒಬ್ಬನೇ. ಇಬ್ಬರಿಗೂ ಇರುವುದು ಕಟ್ಟಿಗೆ ಕೆಟ್ಟೀತು ಎಂಬ ಭಯ. ಕೆಡುವುದಕ್ಕೆ ನೀವು ಮೊದಲೇ ದುಡ್ಡು ತೆಗೆದಿಟ್ಟಿಲ್ಲ, ಆದ್ದರಿಂದ ಪ್ರತಿ ತಪ್ಪೂ ಮನೆ ಮುಳುಗಿದಂತೆ ಕಾಣುತ್ತದೆ. ವೃತ್ತಿಯ ಬಡಿಗೇರರು ಹಾಗೆ ಮಾಡುವುದಿಲ್ಲ. ಹತ್ತು ಅಡಿ ಕಟ್ಟಿಗೆ ಬೇಕಾದ ಕಡೆ ಹನ್ನೆರಡು ಅಡಿ ಬರೆಸುತ್ತಾರೆ. ಆ ಎರಡು ಅಡಿ ಕಳ್ಳತನದ್ದು ಎಂದು ಮನೆಯವರು ಗೊಣಗುತ್ತಾರೆ. ಗಂಟು, ಸೀಳು, ಕೈತಪ್ಪು ಎಲ್ಲಕ್ಕೂ ಸೇರಿದ ಪಾಲು ಅದು.

ನಾನು ನೌಕರಿಗೆ ಸೇರಿದ ಹೊಸದರಲ್ಲಿ ಹುಡುಗರಿಗೆ ಪರೀಕ್ಷೆಯ ಜಾಬ್ ಮಾಡಲು ತಲಾ ಒಂದೇ ತುಂಡು ಕೊಡುತ್ತಿದ್ದೆ. ಕೈ ನಡುಗುತ್ತಿತ್ತು, ಗೆರೆಗಿಂತ ಹೊರಗೇ ಕೊಯ್ದು ಆಮೇಲೆ ಗಂಟೆಗಟ್ಟಲೆ ಕೆರೆಯುತ್ತ ಕೂರುತ್ತಿದ್ದರು. ಬಳಿಕ ಎರಡು ತುಂಡು ಕೊಡಲು ಶುರು ಮಾಡಿ, ಮೊದಲನೆಯದರ ಮೇಲೆ ಸೀಮೆಸುಣ್ಣದಿಂದ ‘ಕೆಡಿಸಲು’ ಎಂದು ಬರೆಯುತ್ತಿದ್ದೆ. ಎಷ್ಟೋ ಹುಡುಗರು ಆ ಕೆಡಿಸುವ ತುಂಡನ್ನೇ ಚೆಂದ ಮಾಡಿ ತಂದು ತೋರಿಸುತ್ತಿದ್ದರು.

ಇನ್ನು ನಿಮ್ಮ ಸಂದಿನ ವಿಷಯ. ಫೆವಿಕಾಲಿನಲ್ಲಿ ಪುಡಿ ಕಲಸಿ ತುಂಬಿದರೆ ಸಂದು ಮುಚ್ಚುತ್ತದೆ, ಜೋಡಣೆ ಗಟ್ಟಿಯಾಗುವುದಿಲ್ಲ. ಈ ಬಿಳಿ ಅಂಟು ಎರಡು ಮೈ ಒಂದಕ್ಕೊಂದು ಒತ್ತಿ ಕೂತಾಗ ನಡುವಿನ ತೆಳುವಾದ ಪದರದಲ್ಲಿ ಹಿಡಿಯುತ್ತದೆ. ದಪ್ಪವಾಗಿ ತುಂಬಿದಾಗ ಒಣಗುತ್ತ ಕುಗ್ಗುತ್ತದೆ. ಮೇಲಾಗಿ ಅಂಟು ಇದ್ದ ಕಡೆ ಪಾಲಿಶ್ ಒಳಗೆ ಇಳಿಯುವುದಿಲ್ಲ. ಇಂದು ಮುಚ್ಚಿಟ್ಟ ಸಂದು ನಾಳೆ ಕಲೆಯಾಗಿ ಎದ್ದು ಕೂಗುತ್ತದೆ. ಹಾಗಾದರೆ ಬಿಚ್ಚಿ ಮತ್ತೆ ಮಾಡಬೇಕೆಂದೂ ಇಲ್ಲ. ಒಂದು ತುಂಡಿನ ತುದಿಯ ಹಲ್ಲು ಇನ್ನೊಂದರ ತೂತಿನಲ್ಲಿ ಕೂರುವ ಜೋಡಣೆಯಲ್ಲಿ, ತೂತಿಗಿಂತ ಹಲ್ಲು ತೆಳುವಾಗಿದ್ದರೆ ಅದೇ ಕಟ್ಟಿಗೆಯ ಮೈಯನ್ನು ರಂದಾದಿಂದ ಹೆರೆದು ತೆಗೆದ ತೆಳುವಾದ ಸಿಪ್ಪೆಯನ್ನು ಹಲ್ಲಿನ ಮೈಗೆ ಅಂಟಿಸಿ, ಒಣಗಿದ ಮೇಲೆ ಕೆರೆದು ಕೂಡಿಸಿ. ಹೊರಗೆ ಕಾಣುವ ಸಂದಾದರೆ ಅದೇ ಕಟ್ಟಿಗೆಯ ತೆಳು ಬೆಣೆಯನ್ನು ಎಳೆ ಒಂದೇ ದಿಕ್ಕಿಗೆ ಬರುವಂತೆ ಅಂಟು ಹಚ್ಚಿ ತೂರಿಸಿ, ಹೆಚ್ಚಾದದ್ದನ್ನು ಉಳಿಯಿಂದ ಸವರಿ. ಇದು ಕಳ್ಳದಾರಿಯಲ್ಲ, ಹಳೆಯ ಕೈಗಳು ದಿನವೂ ಮಾಡುವ ಕೆಲಸ. ಹೀಗೆ ತೂರಿಸಿದ ಬೆಣೆಯನ್ನು ನಾನೇ ಮಾಡಿದ್ದರೂ ವರ್ಷದ ನಂತರ ಹುಡುಕಬೇಕಾಗುತ್ತದೆ.

ಆದರೆ ಮೂರು ಸಲವೂ ಅಷ್ಟೇ ಅರ್ಧ ಸೂತು ಏಕೆ? ಸೂತು ಎಂದರೆ ಇಂಚಿನ ಎಂಟರಲ್ಲೊಂದು ಪಾಲು, ಮೂರು ಮಿಲಿಮೀಟರಿಗೆ ತುಸು ಹೆಚ್ಚು. ಅದರ ಅರ್ಧ ಒಂದೂವರೆ ಮಿಲಿಮೀಟರ್. ಪ್ರತಿ ಸಲವೂ ಇಷ್ಟೇ ಬಂದರೆ ಅದು ಕೈಯ ತಪ್ಪಲ್ಲ, ಸಲಕರಣೆಯ ತಪ್ಪು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ಹಂಗಿಸುವುದುಂಟು, ನಿಮ್ಮ ವಿಷಯದಲ್ಲಿ ನೆಲವೇ ಡೊಂಕಿರುವ ಸಂಭವ ಹೆಚ್ಚು. ಮೂಲೆ ನೇರವಿದೆಯೇ ಎಂದು ನೋಡುವ ಲಂಬಕೋನದ ಸಲಕರಣೆ ಗುನ್ಯಾ, ಅದನ್ನು ಪರೀಕ್ಷಿಸಿ. ನೇರ ಅಂಚಿರುವ ಹಲಗೆಯ ಮೇಲೆ ಗುನ್ಯಾ ಇಟ್ಟು ಚೂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಗುನ್ಯಾವನ್ನು ಮಗುಚಿ, ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಂದರೆ ಗುನ್ಯಾ ಸರಿ. ಕವಲೊಡೆದರೆ, ಕಂಡ ಅಂತರದ ಅರ್ಧದಷ್ಟು ಅದು ಸುಳ್ಳು ಹೇಳುತ್ತಿದೆ. ಈ ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಎರಡನೆಯದಾಗಿ, ಡ್ರಾಯರಿನ ಒಂದು ತುಂಡಿಗೆ ಒಂದು ಟೇಪ್, ಇನ್ನೊಂದು ತುಂಡಿಗೆ ಬೇರೆ ಟೇಪ್ ಬಳಸಿದ್ದೀರಾ ನೋಡಿ. ಟೇಪಿನ ತುದಿಯ ಕೊಕ್ಕೆ ಸಡಿಲವಾದರೆ ಎರಡು ಟೇಪುಗಳ ನಡುವೆ ಒಂದು ಮಿಲಿಮೀಟರ್ ವ್ಯತ್ಯಾಸ ಸಾಮಾನ್ಯ. ಕೆಲಸ ಮುಗಿಯುವ ತನಕ ಒಂದೇ ಟೇಪ್ ಇಟ್ಟುಕೊಳ್ಳಿ. ಸಾಧ್ಯವಾದ ಕಡೆ ಅಳೆಯಲೇಬೇಡಿ. ಒಂದು ತುಂಡನ್ನು ಇನ್ನೊಂದರ ಮೇಲಿಟ್ಟು ಚಾಕುವಿನ ಮೊನೆಯಿಂದ ಗೀರು ಹಾಕಿ.

ಮೂರನೇ ಡ್ರಾಯರ್ ಓಡದಿರುವುದಕ್ಕೆ ಕಾರಣ ಇನ್ನೂ ಸರಳ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಟೆಲಿಸ್ಕೋಪಿಕ್ ಚಾನೆಲಿಗೆ ಪ್ರತಿ ಬದಿಗೆ ಅರ್ಧ ಇಂಚು ಜಾಗ ಬೇಕು. ಅಂದರೆ ಡ್ರಾಯರಿನ ಅಗಲ ಕಪಾಟಿನ ಒಳ ಅಗಲಕ್ಕಿಂತ ಸರಿಯಾಗಿ ಒಂದು ಇಂಚು ಕಡಿಮೆ. ಇಲ್ಲಿ ಅರ್ಧ ಸೂತು ದೊಡ್ಡ ತಪ್ಪೇ. ಕಪಾಟನ್ನು ಮೊದಲು ಮಾಡಿ, ಅದು ನಿಂತ ಮೇಲೆ ಒಳ ಅಗಲವನ್ನು ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆದು ಆಮೇಲೆ ಡ್ರಾಯರ್ ಕೊಯ್ಯಿರಿ. ನೀವು ಇನ್ನೂ ಇಲ್ಲದ ಕಪಾಟಿಗೆ ಡ್ರಾಯರ್ ಮಾಡಿದ್ದೀರಿ. ಕೂಸು ಹುಟ್ಟುವ ಮುನ್ನ ಕುಲಾವಿ.

ಎಲ್ಲಿ ಕೂದಲೆಳೆಯ ಲೆಕ್ಕ ಬೇಕು, ಎಲ್ಲಿ ಬೇಡ ಎನ್ನುವುದೇ ಈ ಕೆಲಸದ ವಿದ್ಯೆ. ನಿಮ್ಮ ಪತ್ರದಲ್ಲಿ ಎಲ್ಲ ಕಡೆಯೂ ಒಂದೇ ಕಣ್ಣು. ಚಾನೆಲ್ ಓಡುವ ಕಡೆ, ಹಲ್ಲು ತೂತಿಗೆ ಕೂರುವ ಕಡೆ ಒಂದು ಕಾಗದದಷ್ಟು, ಅಂದರೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ವ್ಯತ್ಯಾಸವೂ ಕೈಗೆ ತಿಳಿಯುತ್ತದೆ. ಮೇಜಿನ ಒಟ್ಟು ಉದ್ದ ನಾಲ್ಕು ಅಡಿಗೆ ಎರಡು ಸೂತು ಕಡಿಮೆ ಬಂದರೆ ಮಗಳ ಗಣಿತ ತಪ್ಪುವುದಿಲ್ಲ. ಕಪಾಟಿನ ಹಿಂಬದಿ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ 220ರ ಸ್ಯಾಂಡ್ ಪೇಪರ್ ಉಜ್ಜುತ್ತ ಭಾನುವಾರ ಕಳೆಯುವುದು ಭಕ್ತಿಯಾದೀತೇ ಹೊರತು ಬಡಿಗತನವಲ್ಲ.

ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವವರ ಮುಂದೆ ಒಂದು ತಾಸು ಕೂತರೆ ಇದು ಕಣ್ಣಿಗೆ ಕಾಣುತ್ತದೆ. ಸತುವೇ ಹೆಚ್ಚು, ತಾಮ್ರ ತುಸು ಸೇರಿದ ಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಹೊರಬಂದ ಹೂಜಿ ಒರಟೊರಟು. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅರದಿಂದ ಉಜ್ಜಿ ನಯ ಮಾಡುತ್ತಾರೆ, ಗೆರೆ ಎದ್ದು ಕಾಣಲಿ ಎಂದು ಮೈಲುತುತ್ತದ ನೀರು ಬಳಿದು ಮೈ ಕಪ್ಪು ಮಾಡುತ್ತಾರೆ. ಆ ಕಪ್ಪು ಆ ಹೊತ್ತಿನದು, ಉಳಿಯುವುದಲ್ಲ. ಅದರ ಮೇಲೆ ಬಳ್ಳಿ ಬರೆದು, ಪುಟ್ಟ ಉಳಿಯಿಂದ ತಗ್ಗು ತೋಡಿ, ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಉಸಿರು ಬಿಗಿಹಿಡಿಯುವುದು ಇಲ್ಲಿ. ತಗ್ಗು ಅಗಲವಾದರೆ ಬೆಳ್ಳಿ ನಿಲ್ಲುವುದಿಲ್ಲ. ಆಮೇಲೆ ಮತ್ತೆ ಉಜ್ಜಿ, ಕೋಟೆಯ ಹಳೆಯ ಮಣ್ಣು, ನವಸಾಗರ ಸೇರಿಸಿದ ನೀರಿನಿಂದ ನಿಜವಾದ ಕಪ್ಪು ಬರಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಎರಕದ ಹಂತದಲ್ಲೇ ಯಾರಾದರೂ ಕನ್ನಡಿಯ ಹೊಳಪು ತರಲು ಕೂತರೆ ಅವರ ಹೂಜಿ ಎಂದೂ ಸಂತೆಗೆ ಹೋಗುವುದಿಲ್ಲ. ನೀವು ಡ್ರಾಯರ್ ಬಿಚ್ಚಿ ಬಿಚ್ಚಿ ಕೂಡಿಸುತ್ತಿರುವುದು ಎರಕಕ್ಕೆ ಹೊಳಪು ಕೊಡುವ ಕೆಲಸ.

ನಮ್ಮ ಬಿಸಿಲು ಬೇರೆ ಇದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಮಳೆಗಾಲ ಬಂತೆಂದರೆ ಗಾಳಿಯಲ್ಲಿ ತೇವ. ಕಟ್ಟಿಗೆ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಅಗಲಕ್ಕೆ ಮಾತ್ರ ಉಬ್ಬುತ್ತದೆ, ಕುಗ್ಗುತ್ತದೆ. ಸಾಗವಾನಿ ಕಡಿಮೆ ಅಲುಗುವ ಜಾತಿ, ಆದರೂ ಒಂದು ಅಡಿ ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ತೋರಿಸಬಹುದು. ಅರ್ಧ ಸೂತಿಗೆ ನಿದ್ದೆಗೆಡುವ ನಿಮಗೆ ಇದು ಕಹಿ ಸುದ್ದಿ. ಮಳೆಗಾಲದಲ್ಲಿ ಸಂದಿಲ್ಲದಂತೆ ಬಿಗಿದ ಕೆಲಸ ಬೇಸಿಗೆಯಲ್ಲಿ ತಾನಾಗಿ ಸಂದು ಬಿಡುತ್ತದೆ, ಬಿಡಲು ಜಾಗವಿಲ್ಲದಿದ್ದರೆ ಸೀಳುತ್ತದೆ. ಹಳೆಯ ವಾಡೆಗಳ ಬಾಗಿಲು ನೋಡಿ: ಚೌಕಟ್ಟಿನಲ್ಲಿ ಉದ್ದಕ್ಕೆ ಕೊರೆದ ತಗ್ಗಿನೊಳಗೆ ನಡುವಿನ ಹಲಗೆಯನ್ನು ಅಂಟಿಲ್ಲದೆ ಸಡಿಲವಾಗಿ ಕೂಡಿಸಿರುತ್ತಾರೆ. ಅದು ಅಸಡ್ಡೆಯಲ್ಲ. ನೀವೂ ಸಾಗವಾನಿಯ ಮೇಜಿನ ಮೇಲ್ಮೈಯನ್ನು ಕೆಳಗಿನ ಚೌಕಟ್ಟಿಗೆ ಸ್ಕ್ರೂ ಹಾಕುವಾಗ ಚೌಕಟ್ಟಿನ ತೂತನ್ನು ಅಗಲದ ದಿಕ್ಕಿಗೆ ತುಸು ಉದ್ದ ಮಾಡಿ, ಹಲಗೆ ಜರುಗಲು ಎಡೆ ಕೊಡಿ.

ಗ್ರೈಂಡರಿನ ಮೇಜು ಗರಗಸಕ್ಕೆ ನನ್ನ ಉತ್ತರ ಒಂದೇ: ಬೇಡ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದು ಇರುವುದು ಲೋಹ ಉಜ್ಜುವುದಕ್ಕೆ. ಹಲ್ಲಿನ ಬ್ಲೇಡ್ ಕಟ್ಟಿಗೆಯಲ್ಲಿ ಕಚ್ಚಿಕೊಂಡಾಗ ತುಂಡನ್ನು ನಿಮ್ಮ ಕಡೆಗೇ ಎಸೆಯುತ್ತದೆ. ಹಿಂದಿನಿಂದ ಸಂದು ಮುಚ್ಚಿಕೊಳ್ಳದಂತೆ ತಡೆಯುವ ತಗಡೂ ಇಲ್ಲ, ಬ್ಲೇಡಿನ ಮೇಲೆ ಮುಚ್ಚಳವೂ ಇಲ್ಲ. ಇಂಥ ಉಳಿತಾಯದಲ್ಲಿ ಬೆರಳು ಕಳೆದುಕೊಂಡ ಇಬ್ಬರನ್ನು ನಾನು ಬಲ್ಲೆ. ಇಬ್ಬರೂ ನನಗಿಂತ ಚೆನ್ನಾಗಿ ಕೆಲಸ ಬಲ್ಲವರು. ಹಾಗೆಂದು ಕಂಪನಿಯ ಮೇಜು ಗರಗಸ ಕೊಳ್ಳಿ ಎಂದೂ ಹೇಳಲಾರೆ. ಒಂದು ಮೇಜು, ಒಂದು ಕಪಾಟಿಗೆ ಅದು ಒಂದು ಮದುವೆಗೆ ಮಂಟಪ ಕೊಂಡಂತೆ. ಜಂತಿ ಉದ್ದಕ್ಕೆ ಸೀಳುವುದನ್ನು ಸಾಮಿಲ್‌ನವರಿಗೆ ಬಿಡಿ. ಕೂಲಿ ಕೊಟ್ಟರೆ ಅರ್ಧ ದಿನದ ಕೆಲಸ.

ಆದರೆ ಮೊಳೆ ಇರುವ ಹಳೆಯ ಕಟ್ಟಿಗೆಯನ್ನು ಸಾಮಿಲ್‌ನವರು ಮುಟ್ಟುವುದಿಲ್ಲ, ಅದು ನ್ಯಾಯವೂ ಹೌದು. ಮುರಿದ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಜಂತಿಯ ನಾಲ್ಕೂ ಮೈ ಮೇಲೆ ನಿಧಾನವಾಗಿ ಆಡಿಸಿ. ಒಳಗೆ ಮೊಳೆಯ ತುಂಡಿದ್ದರೆ ದಾರ ವಾಲುತ್ತದೆ. ಮಾಳಿಗೆಯ ಮಣ್ಣು ಬಿರುಕುಗಳಲ್ಲಿ ತುಂಬಿರುತ್ತದೆ. ತಂತಿಯ ಬ್ರಷ್ಷಿನಿಂದ ಕೆದಕಿ ತೆಗೆಯಿರಿ, ಒಂದು ಹಿಡಿ ಮಣ್ಣು ರಂದಾದ ಬಾಯನ್ನು ಒಂದೇ ಏಟಿಗೆ ಮೊಂಡು ಮಾಡುತ್ತದೆ. ಹಳೆಯದೆಲ್ಲ ಬಂಗಾರ ಎಂಬ ನಂಬಿಕೆಯೂ ಬೇಡ. ಗೋಡೆಯೊಳಗೆ ಹೂತಿದ್ದ ಎರಡು ತುದಿಗಳು ಹೆಚ್ಚಾಗಿ ಗೆದ್ದಲಿನ ಪಾಲಾಗಿರುತ್ತವೆ. ಸುತ್ತಿಗೆಯಿಂದ ಬಡಿದಾಗ ಟೊಳ್ಳು ಸದ್ದು ಬರುವವರೆಗಿನ ಭಾಗವನ್ನು ಕೊಯ್ದು ಒಲೆಗೆ ಹಾಕಿ. ಮನೆ ಕೆಡವಿದಾಗ ಬಣ್ಣ ಬಳಿದ ಬಾಗಿಲುಗಳೂ ಬಂದಿದ್ದರೆ ಅವನ್ನು ಒಣಗಿದಂತೆಯೇ ಉಜ್ಜಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಎನಾಮಲ್ಲಿನ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಬಾರದು. ಬರೀ ಕಟ್ಟಿಗೆ ಪುಡಿಯೂ ನಿರಪಾಯವಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಮತ್ತು ಕಣ್ಣಿಗೆ ಕನ್ನಡಕದ ಖರ್ಚಿನಲ್ಲಿ ಚೌಕಾಶಿ ಬೇಡ.

600 ರೂಪಾಯಿಯ ಆರು ಉಳಿಗಳ ಬದಲು ಒಂದು ಅರ್ಧ ಇಂಚಿನದು, ಒಂದು ಒಂದು ಇಂಚಿನದು, ಒಳ್ಳೆಯ ಉಕ್ಕಿನವು ಸಾಕಿತ್ತು. ಸಾಗವಾನಿಯಲ್ಲಿ ಮರಳಿನಂಥ ಸಿಲಿಕಾ ಅಂಶ ಇರುವುದರಿಂದ ಮೆತ್ತನೆಯ ಉಕ್ಕು ಬೇಗ ಮೊಂಡಾಗುತ್ತದೆ, ಮೊಂಡು ಉಳಿ ಗೆರೆ ಬಿಟ್ಟು ಜಾರುತ್ತದೆ, ಗಾಯ ಮಾಡುವುದೂ ಅದೇ. ಈಗ ಇರುವುದನ್ನು ಎಸೆಯಬೇಡಿ, ಅಂಟು ಕೆರೆಯಲು ಬೇಕಾಗುತ್ತವೆ. ಮಸೆಯುವುದಕ್ಕೆ ದುಬಾರಿ ಕಲ್ಲೂ ಬೇಡ. ದಪ್ಪ ಗಾಜಿನ ತುಂಡಿನ ಮೇಲೆ ನೀರಿನ ಸ್ಯಾಂಡ್ ಪೇಪರ್ ಅಂಟಿಸಿ 220, 400, 1000 ಹೀಗೆ ಏರುತ್ತ ಹೋಗಿ. ಉಳಿಯ ಬಾಯಿಯ ಓರೆ 25 ಡಿಗ್ರಿ, ಕೊನೆಯ ತುದಿ 30 ಡಿಗ್ರಿ. ಮನೆಯ ಅಂಗಳದಲ್ಲಿ ಶಹಾಬಾದ್ ಪರಸಿ ಕಲ್ಲು ಇದೆಯಲ್ಲ ಎನ್ನಬಹುದು ನೀವು. ನಾನೂ ಮೊದಲು ಹಾಗೇ ಮಾಡಿದ್ದೆ. ಪಾಲಿಶ್ ಮಾಡಿದ ಪರಸಿ ಕೈಗೆ ನುಣುಪು, ಆದರೆ ಅದರ ಮೇಲೆ ಉಕ್ಕಿನ ಸ್ಕೇಲ್ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಕೆಳಗಿನಿಂದ ಬೆಳಕು ಇಣುಕುತ್ತದೆ. ಗಾಜೇ ವಾಸಿ.

ಈಗ ಏನು ಮಾಡಬೇಕು? ದಾರಿ ಮೂರಿವೆ. ಜಂತಿಗಳನ್ನು ನುರಿತ ಬಡಿಗೇರರಿಗೆ ಕೊಟ್ಟು ಮಾಡಿಸುವುದು ಒಂದು. ಕೆಲಸ ಬೇಗ ಆಗುತ್ತದೆ, ಆದರೆ ಶೆಡ್ಡಿಗೆ ಬೀಗ ಬೀಳುತ್ತದೆ, ಅದು ನಿಮಗೆ ಬೇಕಿಲ್ಲ ಎಂದು ನನ್ನ ಊಹೆ. ಮೊದಲಿನಿಂದಲೇ ಜಂತಿಯಲ್ಲಿ ಮೇಜು ಮಾಡುವುದು ಇನ್ನೊಂದು. ನಿಮ್ಮ ಕೈ ಇನ್ನೂ ಆ ಕಟ್ಟಿಗೆಗೆ ಸಿದ್ಧವಿಲ್ಲ, ಭಯವೇ ಗೆಲ್ಲುತ್ತದೆ. ನಾನು ಹೇಳುವುದು ಮೂರನೆಯದು. ಮೇಜನ್ನು ಈ ತಿಂಗಳೇ ಪ್ಲೈವುಡ್ಡಿನಲ್ಲಿ ಮಾಡಿ. ಎಂಟು ಅಡಿಗೆ ನಾಲ್ಕು ಅಡಿಯ 18 ಮಿಲಿಮೀಟರ್ ಹಾಳೆಯೊಂದನ್ನು ಕೊಳ್ಳಿ. ಒಳಕೋಣೆಗೆ ಐಎಸ್ 303 ಗುರುತಿನದು ಸಾಕು, ಐಎಸ್ 710 ಮರೀನ್ ಹಾಳೆ ನೀರು ಬೀಳುವ ಕಡೆಗೆ. ಅಂಗಡಿಯಲ್ಲೇ ನಾಲ್ಕು ಅಡಿಗೆ ಎರಡು ಅಡಿಯ ಮೇಲ್ಹಲಗೆ ಕೊಯ್ಯಿಸಿ, ಉಳಿದ ಮುಕ್ಕಾಲು ಹಾಳೆಯಲ್ಲಿ ಎರಡು ಬದಿ, ಹಿಂದಿನ ಅಡ್ಡಪಟ್ಟಿ ಬರುತ್ತವೆ. ಎತ್ತರ 30 ಇಂಚು. ಡ್ರಾಯರ್ ಹಾಕಬೇಡಿ. ಎರಡು ಭಾನುವಾರದ ಕೆಲಸ. ಅಪಾಯವೆಂದರೆ ಅದು ಅಷ್ಟೇನೂ ಚೆಂದ ಕಾಣದಿರಬಹುದು. ಮಗಳ ಪರೀಕ್ಷೆ ಮಾರ್ಚ್ ಹೊತ್ತಿಗೆ ಬರುತ್ತದೆ, ಆಕೆ ಅಂಚಿನ ಪಟ್ಟಿ ನೋಡುತ್ತ ಕೂರುವುದಿಲ್ಲ.

ಆ ಮೇಲೆ ಕಪಾಟು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಕಟ್ಟಿಗೆ ಗುಜರಿಯಲ್ಲಿ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಎಚ್‌ಟಿ ಎಂಬ ಮುದ್ರೆ ಇದ್ದರೆ ಬಿಸಿಯಿಂದ ಹುಳು ತೆಗೆದದ್ದು, ತನ್ನಿ. ಎಂಬಿ ಎಂದಿದ್ದರೆ ವಿಷದ ಹೊಗೆ ಕೊಟ್ಟದ್ದು, ಬಿಟ್ಟುಬನ್ನಿ. ಅದರಲ್ಲಿ ಹಲ್ಲು, ತೂತಿನ ಜೋಡಣೆ ಹತ್ತು ಮಾಡಿ. ಐದನೆಯದರ ನಂತರ ಕೈ ಬದಲಾಗುವುದು ನಿಮಗೇ ತಿಳಿಯುತ್ತದೆ. ಹತ್ತೂ ಮುಗಿದ ಮೇಲೆ ಜಂತಿಗಳಲ್ಲಿ ಎಲ್ಲಕ್ಕಿಂತ ಸೊಟ್ಟಗಿರುವುದನ್ನು ಆರಿಸಿ, ಅದರ ಮೇಲೆ ಸೀಮೆಸುಣ್ಣದಿಂದ ‘ಕೆಡಿಸಲು’ ಎಂದು ಬರೆದು ಮೊದಲು ಅದನ್ನೇ ಸೀಳಿಸಿ. ಹನ್ನೊಂದರಲ್ಲಿ ಒಂದು ಹೋದರೂ ಹತ್ತು ಉಳಿಯುತ್ತವೆ. ಕಪಾಟಿನ ಹಲಗೆ ಆಸರೆಯಿಲ್ಲದೆ ಎರಡೂವರೆ ಅಡಿಗಿಂತ ಉದ್ದ ಬೇಡ, ಪುಸ್ತಕದ ಭಾರಕ್ಕೆ ಜೋಲುತ್ತದೆ. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ರಂದಾ ಹೊಡೆದ ದಿನವೇ ಅಂಟಿಸಿ. ನಾಳೆಗೆ ಬಿಟ್ಟರೆ ಅಂಟು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಕ್ಲಾಂಪನ್ನು ರಾತ್ರಿಯಿಡೀ ಬಿಡಿ.

ಚೂರುಗಳ ಬಗ್ಗೆ ನನ್ನದೊಂದು ರೂಢಿ ಇದೆ. ಗೇಣುದ್ದಕ್ಕಿಂತ ಕಡಿಮೆ ಇರುವುದನ್ನು ಇಟ್ಟುಕೊಳ್ಳುವುದಿಲ್ಲ, ಉಳಿದದ್ದು ಒಂದು ಪೆಟ್ಟಿಗೆ ತುಂಬುವಷ್ಟು ಮಾತ್ರ. ಪೆಟ್ಟಿಗೆ ತುಂಬಿದಾಗ ಹೊಸದೊಂದು ಒಳಗೆ ಹೋಗಬೇಕಾದರೆ ಹಳೆಯದೊಂದು ಹೊರಬರಬೇಕು. ಮೊಳೆಗಳ ವಿಷಯಕ್ಕೆ ಬಂದರೆ, ಬಗ್ಗಿದವನ್ನು ನೆಟ್ಟಗೆ ಮಾಡಿ ಮತ್ತೆ ಹೊಡೆದರೆ ಅದೇ ಜಾಗದಲ್ಲಿ ಮತ್ತೆ ಬಗ್ಗುತ್ತವೆ. ಡಬ್ಬಿಯನ್ನು ಗುಜರಿಗೆ ಕೊಡಿ. ಜಂತಿಯಿಂದ ಕಿತ್ತ ಮೊಳೆಗಳಲ್ಲಿ ಕಮ್ಮಾರರು ಬಡಿದು ಮಾಡಿದ ಚೌಕಾಕಾರದವು ಸಿಕ್ಕರೆ ಮಾತ್ರ ಆರಿಸಿ ತೆಗೆದಿಡಿ. ಅಂಥವು ನನ್ನ ಹತ್ತಿರ ಏಳು ಇವೆ. ಇದುವರೆಗೆ ಯಾವ ಕೆಲಸಕ್ಕೂ ಬಂದಿಲ್ಲ.